ಹೊಳೆ ದಂಡೆಯಲ್ಲಿ ಕೂತವನು

ಪೂನಮ ತವರಿಗೆ ಹೋಗುವಾಗ ತನ್ನ ಸೀರೆಗಳ ಜೊತೆ, ಟಿವಿಗೆ ಹಚ್ಚಿ ಆಡುವ ನನ್ನ ಗೇಮಿನ ಡಬ್ಬಿಯನ್ನೂ ಚೀಲಕ್ಕೆ ತುಂಬಿಕೊಂಡು ಹೋದಳು. ತಾನು ಆಡುವುದಕ್ಕಲ್ಲ, ನಾನು ಆಡಬಾರದೆಂದು. ಬಸವಕಲ್ಯಾಣದ ಮನೆಯಲ್ಲಿ ಉಳಿದದ್ದು ನಾನು, ಖಾಲಿ ಟಿವಿ, ರೊಟ್ಟಿಗೆ ಹಚ್ಚಿಕೊಳ್ಳುವ ಅರ್ಧ ಡಬ್ಬಿ ಶೇಂಗಾ ಹಿಂಡಿ. ಅವಳು ಫೋನು ಮಾಡಲಿಲ್ಲ, ನಾನೂ ಮಾಡಲಿಲ್ಲ. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿಕೊಳ್ಳುವುದಕ್ಕೂ ಮೈಯಲ್ಲಿ ಒಂದಿಷ್ಟು ತ್ರಾಣ ಬೇಕಲ್ಲ.

ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ದಿನವೆಲ್ಲ ಸುಟ್ಟ ಮೋಟರುಗಳ ತಂತಿ ಬಿಚ್ಚಿ ಹೊಸದು ಸುತ್ತಿದರೆ ಸಂಜೆಗೆ ಬೆರಳು ಮಡಚಲು ಬರುವುದಿಲ್ಲ. ಆದರೂ ಮನೆಗೆ ಬಂದವನೇ ಗೇಮಿನ ರಿಮೋಟ್ ಹಿಡಿದು ಕೂಡುತ್ತಿದ್ದೆ. ಕುದುರೆ, ಕತ್ತಿ, ಕೋಟೆಗಳ ಆಟ. ಯಾವುದೋ ದೂರದೇಶದ ಹಳೆಯ ಕಾಲ. ಗತಿಯಿಲ್ಲದ ಒಬ್ಬ ಹುಡುಗನನ್ನು ನಾವು ನಡೆಸಿ, ಉಣಿಸಿ, ಯೋಧನನ್ನಾಗಿ ಮಾಡಬೇಕು. ಅವನು ಎಲ್ಲಿ ಬೇಕಾದರೂ ಹೋಗಬಹುದು, ಯಾರ ಜೊತೆ ಬೇಕಾದರೂ ಮಾತಾಡಬಹುದು. ಅಲ್ಲಿ ಊರಮಂದಿಯ ಜೊತೆಯೆಲ್ಲ ಮಾತು, ಮನೆಯಲ್ಲಿ ಹೆಂಡತಿಯೆದುರು ಬಾಯಿಗೆ ಬೀಗ ಎಂಬುದು ಪೂನಮಳ ತಕರಾರು. ಕಳೆದ ಮಳೆಗಾಲದಲ್ಲಿ ಐದು ತಿಂಗಳ ಕೂಸು ಹೊಟ್ಟೆಯಲ್ಲೇ ಹೋದ ಮೇಲೆ ನಮ್ಮಿಬ್ಬರ ನಡುವೆ ಉಳಿದದ್ದು ಆ ತಕರಾರು ಒಂದೇ. ಕೊನೆಗೆ ಅದೂ ಬೇಸರವಾಗಿ ಅವಳು ಹುಮನಾಬಾದಿನ ಬಸ್ಸು ಹತ್ತಿದಳು.

ಒಂದು ಮಧ್ಯಾಹ್ನ ಅಂಗಡಿಯಲ್ಲಿದ್ದಾಗ ಅವಳ ಫೋನು ಬಂತು. ಹಲೋ ಇಲ್ಲ, ಹೇಗಿದ್ದೀರಿ ಇಲ್ಲ.

"ನಿಮ್ಮಂವ ಹಸದು ಸಾಯಾಕತ್ತಾನ. ಏನ್ ಮಾಡಬೇಕ್ರಿ?"

ಯಾರು ಸಾಯುತ್ತಿದ್ದಾರೆಂದು ಗಾಬರಿಯಾದೆ. ಆಮೇಲೆ ತಿಳಿಯಿತು: ಅಣ್ಣನ ಮನೆಯಲ್ಲಿ ಹೊತ್ತು ಹೋಗದೆ ಡಬ್ಬಿಯನ್ನು ಟಿವಿಗೆ ಹಚ್ಚಿಸಿಕೊಂಡಿದ್ದಾಳೆ, ಆ ಹುಡುಗ ಅವಳ ಕೈಗೆ ಸಿಕ್ಕಿದ್ದಾನೆ. ನಾನು ಅದರಲ್ಲಿ ಉಳಿಸಿಟ್ಟ ಹಳೆ ಆಟ ಮುಟ್ಟಬೇಡ, ಹೊಸದಾಗಿ ಶುರು ಮಾಡು ಎಂದೆ. ಹೊಸದೇ ಮಾಡಿದ್ದೇನೆ ಎಂದಳು. ಹಾಗಿದ್ದರೆ ಛತ್ರದ ಒಲೆಯ ಮೇಲೊಂದು ಹಂಡೆ ಇರುತ್ತದೆ, ಪುಕ್ಕಟೆ ಊಟ, ಉಣಿಸು ಎಂದೆ. ಹಂಡೆಯಲ್ಲಿ ಏನಿದೆ ಎಂದು ಕೇಳಿದಳು. ಮಾಂಸವೇ ಇರಬೇಕು ಎಂದೆ. ನಮ್ಮ ಮನೆಯಲ್ಲಿ ಅದು ನಡೆಯುವುದಿಲ್ಲ ಎಂದು ಫೋನು ಇಟ್ಟೇಬಿಟ್ಟಳು. ಟಿವಿಯೊಳಗಿನವನಿಗೂ ನಮ್ಮ ಮನೆಯ ಕಟ್ಟಳೆ ಬಿಡಲಿಲ್ಲ. ಪಾಪ, ಅವನು ಸೇಬುಹಣ್ಣು ಒಣರೊಟ್ಟಿಯ ಮೇಲೆ ಜೀವ ಹಿಡಿದುಕೊಂಡು, ಕತ್ತಿ ಎತ್ತಿದರೆ ತಲೆ ತಿರುಗಿ ಬೀಳುತ್ತಿದ್ದನಂತೆ.

ಅಲ್ಲಿಂದ ದಿನಾ ಫೋನು. ಜನ ಯಾಕೆ ಇವನ ಜೊತೆ ಸರಿಯಾಗಿ ಮಾತಾಡುವುದಿಲ್ಲ ಎಂದು ಕೇಳಿದಳು. ಮೈಯೆಲ್ಲ ಕೆಸರು, ಮೊದಲು ತೊಟ್ಟಿಯ ನೀರಲ್ಲಿ ಮುಖ ತೊಳೆಸು ಎಂದೆ. ಕುದುರೆ ಓಡುತ್ತಿಲ್ಲ ಎಂದಳು. ಸಿಕ್ಕಿದ್ದೆಲ್ಲ ಹೊರಿಸಬೇಡ, ಬೇಡದ್ದು ಮಾರಿಬಿಡು ಎಂದೆ. ಮೂವರು ಕಳ್ಳರು ಸುತ್ತುವರಿದರೆ ಮೊದಮೊದಲು ಕಾದಾಡಬೇಡ, ಓಡಿಹೋಗು. ಹಾಸಿಗೆಯಲ್ಲಿ ಮಲಗಿಸಿದರೆ ಗಾಯ ಮಾಯುತ್ತದೆ, ಆಟವೂ ಅಲ್ಲಿಗೆ ಉಳಿದುಕೊಳ್ಳುತ್ತದೆ ಎಂದೆ. ಆಟಕ್ಕೆ ಹೊಸಬರೆಲ್ಲ ಬೇರೆಯವರ ಮನೆ ಹೊಕ್ಕು ಪೆಟ್ಟಿಗೆ ತೆಗೆದು ಬೇಕಾದ್ದನ್ನು ಎತ್ತಿಕೊಳ್ಳುತ್ತಾರೆ ಎಂದಾಗ ಮಾತ್ರ ಬೈಸಿಕೊಂಡೆ. ಮಂದಿ ಮನೆಯೊಳಗೆ ಕರೆಯದೆ ಕಾಲಿಡುವುದಿಲ್ಲ ಎಂದು ಅವನನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದಳು. ಗಂಡನ ಊರಲ್ಲಿ ಅಷ್ಟು ದೊಡ್ಡ ಕೋಟೆಯಿದ್ದೂ ಇವಳು ಟಿವಿಯಲ್ಲಿ ಕೋಟೆ ನೋಡುತ್ತಾಳೆಂದು ಅತ್ತೆ ಕೇಶರಬಾಯಿ ಹಿಂದಿನಿಂದ ಗೊಣಗುವುದು ನನಗೂ ಕೇಳಿಸುತ್ತಿತ್ತು.

ಶುರುವಿನ ಒಂದೆರಡು ಹಳ್ಳಿ ಬಿಟ್ಟರೆ ನನಗೂ ಆ ಆಟ ಗೊತ್ತಿರಲಿಲ್ಲ. ಗಿರಾಕಿ ಬಂದಿದ್ದಾರೆ, ಆಮೇಲೆ ಮಾಡು ಎಂದು ಫೋನು ಇಟ್ಟು, ಮೊಬೈಲಿನಲ್ಲಿ ಯಾರಾರದೋ ವಿಡಿಯೊ ನೋಡಿ ಕಲಿತು ಹೇಳುತ್ತಿದ್ದೆ. ಅವಳಿಗಿಂತ ಒಂದು ಹೆಜ್ಜೆ ಮುಂದಿರುವುದು ನನಗೆ ಎರಡನೆಯ ಕೆಲಸವಾಯಿತು. ಉತ್ತರ ಬರಲಿಲ್ಲವೆಂದರೆ ಫೋನು ನಿಲ್ಲುತ್ತದೆ, ಫೋನು ನಿಂತರೆ ಅವಳು ಬರುವುದೂ ನಿಲ್ಲುತ್ತದೆ ಎಂಬ ಅಂಜಿಕೆ. ಯಾವಾಗ ಬರುತ್ತೀ ಎಂದು ಕೇಳಲು ಮಾತ್ರ ನಾಲಿಗೆ ಏಳಲಿಲ್ಲ. ಇಲ್ಲ ಎಂದುಬಿಟ್ಟರೆ?

ರವಿವಾರ ಅನ್ನಕ್ಕಿಟ್ಟಿದ್ದೆ. ಫೋನು ಬಂತು. ಈ ಸಲ ಅವಳ ದನಿಯಲ್ಲಿ ಪ್ರಶ್ನೆ ಕೇಳುವ ಅವಸರವಿರಲಿಲ್ಲ.

"ನಿಮ್ಮ ಹಳೀ ಆಟ ತೆಗದು ನೋಡಿದ್ನಿ."

ಒಲೆ ಆರಿಸಿದೆ.

"ಹೊಳಿ ದಂಡಿ ಮ್ಯಾಲ ಕುಂತಾನ. ಅದೇ ಹರಕ ಅಂಗಿ, ಒಂದು ಕತ್ತಿ ಸೈತ ಇಲ್ಲ. ನಾನೇ ನಿಮ್ಕಿಂತ ಮುಂದ ಹೋಗೀನಿ. ಇಷ್ಟು ತಿಂಗಳು ದಿನಾ ಕುಂತು ಏನ್ ಆಡತಿದ್ರಿ?"

ಇದಕ್ಕೆ ಯಾವ ವಿಡಿಯೊದಲ್ಲೂ ಉತ್ತರವಿರಲಿಲ್ಲ.

"ಏನೂ ಆಡತಿರಲಿಲ್ಲ," ಎಂದೆ. "ಅವನ್ನ ಅಲ್ಲಿ ಕುಂದರ್ಸಿ, ನಾ ಇಲ್ಲಿ ಕುಂದರತಿದ್ದೆ. ಎದ್ದು ಒಳಗ ಬಂದ್ರ ನಿನ್ನ ಮಾರಿ ನೋಡಬೇಕಾಗತಿತ್ತು. ನೋಡಿದ್ರ ಕೂಸಿನ ನೆನಪಾಗತಿತ್ತು."

ಆಸ್ಪತ್ರೆಯಿಂದ ಬಂದ ಮೇಲೆ ಕೂಸು ಎಂಬ ಶಬ್ದ ನನ್ನ ಬಾಯಲ್ಲಿ ಬಂದಿದ್ದು ಅದೇ ಮೊದಲು. ಅವಳ ಟಿವಿಯಲ್ಲಿ ನೀರು ಹರಿಯುವ ಸಪ್ಪಳ ಕೇಳುತ್ತಿತ್ತು. ನನಗೆ ಚೆನ್ನಾಗಿ ಗೊತ್ತಿದ್ದ ಸಪ್ಪಳ.

"ನಿಮಗೇನೂ ಅನಿಸೇ ಇಲ್ಲ ಅಂತ ತಿಳದಿದ್ನಿ," ಎಂದಳು. "ಅದಕ್ಕ ತವರಿಗಿ ಬಂದೀನಿ ನಾ. ಆಟಕ್ಕಲ್ಲ."

ಇಷ್ಟು ದಿನ ಅಂಜಿದ ಮಾತು ತಾನಾಗಿ ಹೊರಬಿತ್ತು. ಯಾವಾಗ ಬರುತ್ತೀ ಎಂದು ಕೇಳಿಬಿಟ್ಟೆ.

"ಈಗ ಬರಂಗಿಲ್ರಿ. ನನಗ ಸಾಕಾಗೇದ. ನೀವ ಬರ್ರಿ."

"ಬಂದು ಏನಂತ ಮಾತಾಡ್ಲಿ?"

"ಏನೂ ಬ್ಯಾಡ. ನನ್ನ ಬಾಜು ಕುಂದರ್ರಿ. ಸಾಕು."

ಅರೆಬೆಂದ ಅನ್ನ ಹಾಗೇ ಬಿಟ್ಟು, ಬೀಗ ಹಾಕಿ ಬಸ್‌ಸ್ಟ್ಯಾಂಡಿಗೆ ನಡೆದೆ. ಹುಮನಾಬಾದಿನ ಬಸ್ಸು ಕಿಕ್ಕಿರಿದಿತ್ತು. ಕಂಬ ಹಿಡಿದು ನಿಂತೆ. ಕೂಸು ಹೋದ ಮೇಲೆ ಒಮ್ಮೆಯೂ ಅಳದವನು, ಅಷ್ಟು ಮಂದಿಯ ನಡುವೆ ಅತ್ತುಬಿಟ್ಟೆ.