ಕಚ್ಚಿಟ್ಟ ರೊಟ್ಟಿ

ಬೆಳಗಿನಿಂದ ಮೂರು ಸಲ ಅಂಗಳ ಗುಡಿಸಿದ್ದೆ. ಮೂರನೆಯ ಸಲ ಗುಡಿಸಲು ಏನೂ ಉಳಿದಿರಲಿಲ್ಲ, ಆದರೂ ಪೊರಕೆ ಕೈಬಿಡಲಿಲ್ಲ. ಕಚೇರಿಯವರು ಹನ್ನೊಂದಕ್ಕೆ ಬರುತ್ತೇವೆ ಎಂದಿದ್ದರು. ನಾನು ಒಂಬತ್ತಕ್ಕೇ ಚಹಾಕ್ಕೆ ನೀರಿಟ್ಟು, ಆರಿಸಿ, ಮತ್ತೆ ಇಟ್ಟೆ.

"ಅಜ್ಜಿ, ಒಂದ್ ಕಡೆ ಕೂತ್ಕೊಳ್ಳಿ. ನಿಮ್ಮನ್ನ ನೋಡಿ ನಂಗೆ ತಲೆ ತಿರುಗ್ತಿದೆ" ಎಂದಳು ಮೊಮ್ಮಗಳು ಬರ್ನೊ.

ಹೋದ ತಿಂಗಳು ಅವಳಿಗೆ ಹತ್ತು ತುಂಬಿತು. ಹತ್ತು ತುಂಬಿದ ಮಗುವಿಗೆ ಯಾರ ಹತ್ತಿರ ಇರಲು ಇಷ್ಟ ಎಂದು ಕೇಳಲೇಬೇಕಂತೆ. ಯಾವ ಪುಣ್ಯಾತ್ಮ ಬರೆದ ಕಾನೂನೋ! ನನ್ನ ಮದುವೆ ಮಾಡುವಾಗ ನನಗೆ ಹದಿನೆಂಟು ತುಂಬಿತ್ತು, ಒಬ್ಬರೂ ಕೇಳಲಿಲ್ಲ.

ನನ್ನ ಮಗ ಇಲ್ಹೋಮ್ ಮತ್ತು ಅವನ ಹೆಂಡತಿ ಮುಕದ್ದಸ್ ಬೇರೆಯಾಗಿ ಐದು ವರ್ಷ. ಆಗ ಅವಳಿಗೆ ಅಣ್ಣನ ಮನೆಯ ಒಂದು ಮೂಲೆ ಬಿಟ್ಟರೆ ಗತಿಯಿರಲಿಲ್ಲ. ನಮಗೋ ಅಂಗಳ, ಜರ್ದಾಳು ಮರ, ಜೊತೆಗೆ ನಾನು. ಕೋರ್ಟು ಮಗುವನ್ನು ಅಪ್ಪನಿಗೆ ಕೊಟ್ಟಿತು. ಆರೇ ತಿಂಗಳಿಗೆ ಅಪ್ಪ ಕಟ್ಟಡದ ಕೆಲಸಕ್ಕೆಂದು ರಷ್ಯಾಕ್ಕೆ ಹೋದ. ಈಗ ಮುಕದ್ದಸ್ ಮಾರ್ಗಿಲಾನ್ ಪಟ್ಟಣದಲ್ಲಿ ರೇಷ್ಮೆ ನೇಯುತ್ತಾಳೆ, ಎರಡು ಕೋಣೆಯ ಮನೆ ಮಾಡಿದ್ದಾಳೆ. ಅಪ್ಪ ಊರಲ್ಲಿಲ್ಲ, ಮಗಳನ್ನು ನನಗೆ ಕೊಡಿಸಿ ಎಂದು ಅರ್ಜಿ ಹಾಕಿದ್ದಾಳೆ. ಅದನ್ನು ವಿಚಾರಿಸಲೆಂದೇ ಇವತ್ತು ಬರುತ್ತಿದ್ದದ್ದು.

ನನ್ನ ಹತ್ತಿರ ಇದ್ದದ್ದು ಒಂದೇ ಉತ್ತರ: ಇಲ್ಹೋಮ್ ವಾಪಸು ಬರುತ್ತಾನೆ. ಅದಕ್ಕೆ ಸಾಕ್ಷಿ ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು.

ನಮ್ಮಲ್ಲಿ ದೂರ ಹೊರಟವರು ರೊಟ್ಟಿಯನ್ನು ಒಂದು ತುತ್ತು ಕಚ್ಚಿ ಹೋಗುತ್ತಾರೆ. ಉಳಿದದ್ದನ್ನು ಗೋಡೆಗೆ ತೂಗುಹಾಕುತ್ತೇವೆ. ಬಂದು ತಿನ್ನಬೇಕಾದವರು ಅವರೇ. ಇಲ್ಹೋಮ್ ಕೂಡ ಕಚ್ಚಿಯೇ ಹೋದ. ಐದು ವರ್ಷದ ಬರ್ನೊ ನನ್ನ ಸೆರಗು ಹಿಡಿದು ನೋಡುತ್ತಿದ್ದಳು. ಆಮೇಲೆ ದಿನಾ ರಾತ್ರಿ ಮಲಗುವ ಮುಂಚೆ ಆ ರೊಟ್ಟಿಗೆ ಸಲಾಂ ಹೇಳುತ್ತಿದ್ದಳು.

ಎರಡು ಚಳಿಗಾಲದ ಹಿಂದೆ ಇಲಿಗಳು ಅದನ್ನು ತಿಂದುಹಾಕಿದವು. ಅದನ್ನು ಕಂಡ ದಿನವೇ ಇಲ್ಹೋಮನ ಫೋನ್ ಬಂತು. ಅಲ್ಲೇ ಮದುವೆಯಾಗಿದ್ದಾನೆ, ಒಂದು ಮಗುವೂ ಆಗಿದೆ. "ನನ್ನ ದಾರಿ ಕಾಯ್ಬೇಡಿ ಅಮ್ಮ" ಎಂದ. ಕೈಗೆ ಸಿಕ್ಕಿದ್ದರೆ ಪೊರಕೆಯಲ್ಲೇ ಬಾರಿಸುತ್ತಿದ್ದೆ. ಬರ್ನೊ ಶಾಲೆಯಿಂದ ಬರುವಷ್ಟರಲ್ಲಿ ಅದೇ ಅಳತೆಯ ರೊಟ್ಟಿ ಸುಟ್ಟು, ಒಂದು ಕಡೆ ನಾನೇ ಕಚ್ಚಿ, ಅದೇ ಮೊಳೆಗೆ ಹಾಕಿದೆ. ಯಾರಿಗೂ ಹೇಳಲಿಲ್ಲ.

ಹನ್ನೊಂದೂವರೆಗೆ ಬಂದರು. ಮಕ್ಕಳ ಪಾಲನೆಯ ಕಚೇರಿಯಿಂದ ಕಡತ ಹಿಡಿದ ಒಬ್ಬ ಹೆಂಗಸು, ಮೊಹಲ್ಲಾದ ಹಿರಿಯ ಸೊಬಿರ್, ಅವರ ಹಿಂದೆ ತಲೆಬಗ್ಗಿಸಿಕೊಂಡು ಮುಕದ್ದಸ್.

"ಆರೋಗ್ಯಾನಾ ಅತ್ತೆ?" ಎಂದಳು.

"ಇದ್ದೀನಮ್ಮ. ನಿನ್ನ ಅರ್ಜಿ ಬಂದ್ಮೇಲೂ ಉಸಿರಾಡ್ತಿದ್ದೀನಿ."

"ಸಾಲಿಹಾ, ಆ ಬಿದ್ದ ಹಲ್ಲಿನ ಸಂದೀಲಿ ಬರೀ ವಿಷಾನೇ ಬರುತ್ತಲ್ಲ! ಮೊದ್ಲು ಚಾ ಕೊಡು" ಎಂದರು ಸೊಬಿರ್. ನನ್ನ ಮೇಲಿನ ಸಾಲಿನ ಮುಂದಿನ ಹಲ್ಲು ಬಿದ್ದು ಹತ್ತು ವರ್ಷವಾಯಿತು. ಈ ಮನುಷ್ಯನಿಗೆ ಅದಿನ್ನೂ ತಮಾಷೆ.

ಕಡತದ ಕಡೆಗೇ ನೋಡುತ್ತ ಚಹಾ ಬಗ್ಗಿಸಿ ತಟ್ಟೆಗೆ ಚೆಲ್ಲಿದೆ. ಕಚೇರಿಯ ಹೆಂಗಸು ಬರ್ನೊಳ ಹಾಸಿಗೆ, ಓದುವ ಮೇಜು, ಶಾಲೆಯ ಪುಸ್ತಕ ಎಲ್ಲ ನೋಡಿದಳು. ಯಾವುದರಲ್ಲೂ ಕೊರತೆ ಹುಡುಕಲಾಗಲಿಲ್ಲ. ಆಮೇಲೆ ಪೆನ್ನು ತೆಗೆದು ಕೇಳಿದಳು: "ಮಗು ಅಪ್ಪ ಯಾವಾಗ ಬರ್ತಾರಮ್ಮ?"

"ನವ್ರೂಜ್ ಹಬ್ಬಕ್ಕೆ ಬರ್ತಾನೆ."

"ಹೋದ ಸಲ ಕೇಳ್ದಾಗ್ಲೂ ನವ್ರೂಜ್‌ಗೇ ಅಂದಿದ್ರಿ" ಎಂದಳು ಮುಕದ್ದಸ್ ಮೆಲ್ಲಗೆ. "ಅತ್ತೆ, ಅವ್ರು ಫೋನ್ ಆದ್ರೂ ಮಾಡ್ತಾರಾ?"

"ನಿನಗ್ಯಾಕೆ? ಅವನು ಬರ್ತಾನೆ ಅಂದ್ರೆ ಬರ್ತಾನೆ. ನೋಡು ಅಲ್ಲಿ, ಕಚ್ಚಿಟ್ಟ ರೊಟ್ಟಿ ಕಾಯ್ತಾ ಇದೆ!"

ಸೊಬಿರ್ ಗಡ್ಡ ಸವರಿಕೊಂಡರು. "ಹಾಗಾದ್ರೆ ಕೆಲ್ಸ ಸುಲಭ. ರೊಟ್ಟಿ ಮುಟ್ಟಿ ಹೇಳ್ಬಿಡು ಸಾಲಿಹಾ. ನೀನು ರೊಟ್ಟಿ ಮುಟ್ಟಿ ಹೇಳಿದ್ದನ್ನ ಈ ಮೊಹಲ್ಲಾದಲ್ಲಿ ಯಾರೂ ಇಲ್ಲ ಅನ್ನಲ್ಲ. ನಾನೇ ಸಾಕ್ಷಿ ಹಾಕ್ತೀನಿ."

ರೊಟ್ಟಿ ಮುಟ್ಟಿ ಸುಳ್ಳಾಡಿದವರನ್ನು ನಮ್ಮಲ್ಲಿ ಸತ್ತ ಮೇಲೂ ಯಾರೂ ಕ್ಷಮಿಸುವುದಿಲ್ಲ. ಅದು ಗೊತ್ತಿದ್ದೂ ಎದ್ದೆ. ಆಗಲಿ, ನರಕಕ್ಕೆ ಹೋದರೆ ನಾನು ತಾನೇ ಹೋಗುವುದು, ಮಗು ಇಲ್ಲೇ ಉಳಿಯುತ್ತದಲ್ಲ ಅಂದುಕೊಂಡೆ. ಆ ಗಳಿಗೆಯಲ್ಲಿ ನನಗೆ ಅವಳ ಹೊರತು ದೇವರೂ ಬೇಕಿರಲಿಲ್ಲ. ಕೈ ಚಾಚಿದೆ.

ಬರ್ನೊ ಓಡಿಬಂದು ನನ್ನ ಕೈ ಹಿಡಿದುಕೊಂಡಳು.

"ಬೇಡ ಅಜ್ಜಿ. ಆಣೆ ಇಡ್ಬೇಡಿ."

"ಬಿಡೇ, ದೊಡ್ಡವ್ರು ಮಾತಾಡ್ತಿದ್ದೀವಿ."

"ಅದು ಅಪ್ಪನ ರೊಟ್ಟಿ ಅಲ್ಲ" ಎಂದಳು. ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ಅಪ್ಪಂಗೆ ಎಲ್ಲಾ ಹಲ್ಲೂ ಇದ್ವು."

ಎಲ್ಲರೂ ಮೊಳೆಯ ಕಡೆ ನೋಡಿದರು. ಕಚ್ಚಿದ ಜಾಗದ ನಡುವೆ ಹಲ್ಲು ತಾಗದೆ ಉಳಿದ ಒಂದು ಪಟ್ಟಿ, ಕಿರುಬೆರಳಿನಷ್ಟು ಅಗಲ, ಎದ್ದು ನಿಂತಿತ್ತು. ಎರಡು ವರ್ಷದಿಂದ ದಿನಾ ನೋಡುತ್ತಿದ್ದ ನನಗೆ ಕಂಡಿರಲಿಲ್ಲ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕತೆ. ಸೊಬಿರ್ ನನ್ನ ಬಾಯಿಯನ್ನೊಮ್ಮೆ, ರೊಟ್ಟಿಯನ್ನೊಮ್ಮೆ ನೋಡಿದರು. ಈ ಸಲ ತಮಾಷೆ ಮಾಡಲಿಲ್ಲ.

"ನಿಂಗೆ ಯಾವಾಗ ಗೊತ್ತಾಯ್ತು ಪುಟ್ಟಿ?" ಎಂದು ಕೇಳಿದಳು ಕಚೇರಿಯ ಹೆಂಗಸು.

"ಹಾಕಿದ್ ದಿನಾನೇ. ಬಿಸಿ ಇತ್ತು."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಅಜ್ಜಿ ಅದಕ್ಕೆ ಸಲಾಂ ಹೇಳು ಅಂತಿದ್ರು. ಹೇಳ್ದೆ ಇದ್ರೆ ಅವ್ರು ಅಳ್ತಾರೆ ಅಂತ ಸಲಾಂ ಹೇಳ್ತಿದ್ದೆ."

ನಾನು ಕುಸಿದು ಕುಳಿತೆ. ಮಗುವನ್ನು ನಾನು ಕಾಯುತ್ತಿದ್ದೇನೆ ಅಂದುಕೊಂಡಿದ್ದೆ, ಎರಡು ವರ್ಷದಿಂದ ಅದೇ ನನ್ನನ್ನು ಕಾಯುತ್ತಿತ್ತು. ನಾಚಿಕೆಯಾಯಿತು. ಫೋನಿನ ವಿಷಯ, ಅವನ ಹೊಸ ಹೆಂಡತಿ, ಅಲ್ಲಿಯ ಮಗು, ಎಲ್ಲವನ್ನೂ ಹೇಳಿಬಿಟ್ಟೆ. ಹೆಂಗಸು ಬರೆದುಕೊಂಡಳು. ಮುಕದ್ದಸ್ ಗೆದ್ದವಳಂತೆ ನೋಡಿದ್ದರೆ ಜಗಳಕ್ಕಾದರೂ ದಾರಿಯಿರುತ್ತಿತ್ತು. ಅವಳು ಬಂದು ನನ್ನ ಪಕ್ಕ ಕುಳಿತು, ಚೆಲ್ಲಿದ ಚಹಾ ಒರೆಸಿದಳು. ರೇಷ್ಮೆಯ ಬಣ್ಣ ಹತ್ತಿ ಅವಳ ಉಗುರುಗಳು ನೀಲಿಯಾಗಿದ್ದವು.

"ನಿಂಗೆ ಎಲ್ಲಿರೋಕೆ ಇಷ್ಟ ಬರ್ನೊ?" ಎಂದಳು ಹೆಂಗಸು.

ಬರ್ನೊ ನನ್ನ ಮುಖ ನೋಡಿದಳು. ಅಳಬಾರದು ಎಂದು ಹಲ್ಲು ಕಚ್ಚಿ ಹಿಡಿದೆ.

"ಅಮ್ಮನ ಹತ್ರ. ಶನಿವಾರ ಶಾಲೆ ಬಿಟ್ಮೇಲೆ ಇಲ್ಲಿ. ಬೇಸಿಗೆ ರಜೆ ಪೂರ್ತಿ ಇಲ್ಲೇ. ಹಾಗೇ ಬರೀರಿ."

"ಹಾಗೇ ಬರೀರಿ" ಎಂದಳು ಮುಕದ್ದಸ್ ಕೂಡ.

ಹೊರಡುವಾಗ ಸೊಬಿರ್ ಆ ರೊಟ್ಟಿಯನ್ನು ಇಳಿಸಿ, ಪುಡಿ ಮಾಡಿ, ಜರ್ದಾಳು ಮರದ ಬುಡದಲ್ಲಿ ಹಕ್ಕಿಗಳಿಗೆ ಹಾಕಿದರು.

ಇಪ್ಪತ್ತು ದಿನಕ್ಕೆ ಕೋರ್ಟಿನ ಕಾಗದ ಬಂತು. ಭಾನುವಾರ ಮುಕದ್ದಸ್ ಬಂದು ಬಟ್ಟೆಬರೆ ಕಟ್ಟಿದಳು. ನಾನು ಬೆಳಗ್ಗೆಯಿಂದ ತಂದೂರಿನ ಮುಂದೆ ಕೂತೆ, ಎದ್ದೆ, ಕೂತೆ. ಬಸ್ಸಿಗೆ ಹತ್ತು ನಿಮಿಷವಿರುವಾಗ ಬಿಸಿ ರೊಟ್ಟಿಯೊಂದನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಲಲ್ಲಿ ಅಡ್ಡ ನಿಂತೆ.

"ಒಂದ್ ತುತ್ತು ಕಚ್ಚು" ಎಂದೆ.

ಬರ್ನೊ ರೊಟ್ಟಿಯನ್ನು ಕಣ್ಣಿಗೊತ್ತಿಕೊಂಡು ಮತ್ತೆ ನನ್ನ ಕೈಗೇ ಇಟ್ಟಳು.

"ಇದು ದೂರ ಹೋಗೋರಿಗೆ ಅಜ್ಜಿ. ನಾನು ಶನಿವಾರ ಬರ್ತೀನಲ್ಲ. ನೀವೇ ತಿನ್ನಿ, ಬಿಸಿ ಇದೆ."

ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ನಿಂತಿದ್ದೆ. ಆಮೇಲೆ ಹೊಸ್ತಿಲ ಮೇಲೆ ಕುಳಿತು, ಇರುವ ಹಲ್ಲುಗಳಲ್ಲೇ ಅಗಿಯುತ್ತ, ಅಳುತ್ತ, ಇಡೀ ರೊಟ್ಟಿ ತಿಂದು ಮುಗಿಸಿದೆ. ಗೋಡೆಗೆ ತೂಗುಹಾಕಲು ಒಂದು ಚೂರೂ ಉಳಿಸಲಿಲ್ಲ.