ಬೀಳೋ ಮುಂಚೆ ಕೈ ಎಲ್ಲಿತ್ತು?

ನಲವತ್ತು ಪ್ರಶ್ನೆಗಳ ಫಾರಂ ಹಿಡಿದು ವಾರ್ಡ್ ಸುತ್ತುತ್ತಿದ್ದ ಆ ನರ್ಸ್‌ಗೆ ಜೊತೆಯವರು ‘ಪ್ರಶ್ನೆಪತ್ರಿಕೆ’ ಎಂದೇ ಹೆಸರಿಟ್ಟಿದ್ದರು. ವಯಸ್ಸಾದವರ ವಾರ್ಡಿನಲ್ಲಿ ಎರಡು ತಿಂಗಳಲ್ಲಿ ಹನ್ನೊಂದು ಮಂದಿ ಮಂಚದಿಂದ ಏಳುವಾಗ ಬಿದ್ದಿದ್ದರು. ಅದರ ಕಾರಣ ಹುಡುಕುವುದೇ ಅವಳ ಮೊದಲ ಸಂಶೋಧನೆ. ಶನಿವಾರದೊಳಗೆ ಕಾರಣ ಸಿಗದಿದ್ದರೆ ಎಲ್ಲ ಮಂಚಗಳ ಪಕ್ಕದ ಕಂಬಿ ಏರಿಸುತ್ತೇನೆ, ಬಾತ್‌ರೂಮಿಗೆ ಹೋಗಬೇಕಾದರೂ ಬೆಲ್ ಒತ್ತಿ ಕಾಯಲಿ ಎಂದು ಮೇಟ್ರನ್ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು.

ಅದನ್ನು ಕೇಳಿ, ಬಿದ್ದವರಲ್ಲೊಬ್ಬರಾದ ಏಳನೇ ಮಂಚದ ಪೋಸ್ಟ್‌ಮ್ಯಾನ್ ತಾತ ಊಟದ ತಟ್ಟೆ ಮುಟ್ಟಲಿಲ್ಲ. ನಿವೃತ್ತರಾಗಿ ಎಷ್ಟೋ ವರ್ಷವಾಗಿದ್ದರೂ ಗತ್ತು ಹೋಗಿರಲಿಲ್ಲ. “ಮೂವತ್ತಾರು ವರ್ಷ ಬೀದಿಬೀದಿ ನಡೆದವನು ಕಣಮ್ಮ ನಾನು. ಈಗ ಒಂದಕ್ಕೆ ಹೋಗೋಕೂ ಅಪ್ಪಣೆ ಕೇಳ್ಬೇಕಾ?” ಎಂದರು.

ಫಾರಂನಲ್ಲೋ ಬರೀ ‘ಇಲ್ಲ’ಗಳ ಜಾತ್ರೆ. ನಡೆಯಲು ತೊಂದರೆ ಇದೆಯೇ? ಇಲ್ಲ. ತಲೆ ಸುತ್ತುತ್ತದೆಯೇ? ಇಲ್ಲ. ಬಿದ್ದು ಮೊಣಕೈ ಊದಿಸಿಕೊಂಡಿದ್ದ ಅಜ್ಜಿ ಕೂಡ ಠೀವಿಯಿಂದ ಇಲ್ಲ ಎಂದಿದ್ದರು.

ಗುರುವಾರ ಸಂಜೆ ಅವಳು ಅಮ್ಮನ ಟೈಲರ್ ಅಂಗಡಿಯಲ್ಲಿ ಮುಖ ಊದಿಸಿಕೊಂಡು ಕೂತಳು. ಅಮ್ಮ ಹೊಲಿಗೆ ನಿಲ್ಲಿಸಿ ಫಾರಂ ಓದಿ ನಕ್ಕುಬಿಟ್ಟಳು.

“ಇಷ್ಟುದ್ದ ಬರೆದಿದ್ದೀಯ, ಒಂದಾದ್ರೂ ಕೇಳೋ ಹಾಗಿದೆಯಾ? ತೊಂದರೆ ಇದೆಯಾ ಅಂದ್ರೆ ಮರ್ಯಾದಸ್ಥರು ಯಾರಾದ್ರೂ ಹೂಂ ಅಂತಾರಾ?”

“ಹಾಗಾದ್ರೆ ನೀನು ಹೇಗೆ ಕೇಳ್ತೀಯಮ್ಮ?”

“ಬಟ್ಟೆ ಹೇಗಿರಬೇಕು ಅಂತ ನಾನು ಕೇಳೋದೇ ಇಲ್ಲ. ಹಳೇದು ತರಿಸಿ, ಇದು ಮೊದಲು ಎಲ್ಲಿ ಹರೀತು ಅಂತ ಕೇಳ್ತೀನಿ. ಬೆರಳಿಟ್ಟು ತೋರಿಸ್ತಾರೆ.”

ಅವಳು ದಡಕ್ಕನೆ ಎದ್ದಳು. ಮೊದಲು ಎಲ್ಲಿ! ನಲವತ್ತರಲ್ಲಿ ಒಂದೂ ಬೀಳುವ ಆ ಗಳಿಗೆಯ ಹತ್ತಿರ ಸುಳಿದಿರಲಿಲ್ಲ.

ಶುಕ್ರವಾರ ಬೆಳಗ್ಗೆ ಫಾರಂ ಇಲ್ಲದೆ, ಬರಿಗೈಯಲ್ಲಿ ತಾತನ ಮುಂದೆ ಕೂತಳು.

“ತಾತ, ಬೀಳೋ ಮುಂಚೆ ನಿಮ್ಮ ಕೈ ಎಲ್ಲಿತ್ತು?”

ತಾತ ಯೋಚಿಸಿ, ಮಂಚದ ಪಕ್ಕದ ಊಟದ ಮೇಜಿನ ಅಂಚನ್ನು ತಟ್ಟಿದರು. “ಇಲ್ಲೇ.”

ಮೊಣಕೈ ಅಜ್ಜಿಯದೂ ಮೇಜೇ. ಬಿದ್ದವರಲ್ಲಿ ಇನ್ನೂ ವಾರ್ಡಿನಲ್ಲಿದ್ದ ಆರೂ ಮಂದಿಯ ಕೈ ತಮ್ಮ ತಮ್ಮ ಮಂಚದ ಮೇಜಿನ ಮೇಲಿತ್ತು. ಕೆಳಗೆ ಬಗ್ಗಿ ನೋಡಿದರೆ ನಾಲ್ಕು ಚಕ್ರ! ಅವಳಿಗೆ ಕುಣಿಯಬೇಕೆನ್ನಿಸಿತು. ಆದರೆ ಈಗ ಕೇಳುವ ಚಟ ಹತ್ತಿಬಿಟ್ಟಿತ್ತು ನೋಡಿ. ಬೀಳದವರು ಏನು ಹಿಡಿದುಕೊಂಡಿದ್ದರು? ಹೋಗಿ ಕೇಳಿದಳು. ಅವರೂ ಮೇಜನ್ನೇ ಹಿಡಿದಿದ್ದರು. ಹಾಗಾದರೆ ಕಾರಣ ಮೇಜಲ್ಲವೇ?

ಸೋತು ಕೂರುವಷ್ಟು ಹೊತ್ತೆಲ್ಲಿತ್ತು? “ಹಿಡಿದಾಗ ಮೇಜು ಏನ್ಮಾಡ್ತು?” ಎಂದು ಮತ್ತೆ ಒಬ್ಬೊಬ್ಬರನ್ನೇ ಕೇಳುತ್ತ ಹೋದಳು. ಬೀಳದವರ ಮೇಜು ಗೋಡೆಗೆ ಒತ್ತಿಕೊಂಡಿತ್ತು, ಜಪ್ಪಯ್ಯ ಎಂದರೂ ಅಲ್ಲಾಡಿರಲಿಲ್ಲ. ಬಿದ್ದವರದು ಮಂಚಗಳ ನಡುವೆ ನಿಂತಿತ್ತು, ಜಾರಿತ್ತು. ನೆಲ ಒರೆಸುವವರು ಸರಿಸಲು ಸುಲಭವಾಗಲೆಂದು ಚಕ್ರದ ಬ್ರೇಕ್ ತೆಗೆದು ಬಿಡುತ್ತಿದ್ದರು, ಮತ್ತೆ ಹಾಕುವುದು ಯಾರ ಕೆಲಸವೂ ಆಗಿರಲಿಲ್ಲ.

ಶನಿವಾರ ಮೇಟ್ರನ್ ಕಂಬಿಯ ಆದೇಶ ಹಿಡಿದೇ ಬಂದರು. ಅವಳು ವರದಿ ಕೊಡಲಿಲ್ಲ. “ಮೇಡಂ, ಈ ಖಾಲಿ ಮಂಚದ ಮೇಲೆ ಕೂತು ಒಂದ್ಸಲ ಏಳ್ತೀರಾ?” ಎಂದಳಷ್ಟೆ. ಮೇಟ್ರನ್ ಹುಬ್ಬು ಗಂಟಿಕ್ಕಿಕೊಂಡೇ ಕೂತರು. ಏಳುವಾಗ ಕೈ ತಾನಾಗಿ ಮೇಜಿಗೆ ಹೋಯಿತು, ಮೇಜು ಸುಯ್ಯನೆ ಓಡಿತು. ಅವಳು ಮೊದಲೇ ತಯಾರಾಗಿ ನಿಂತಿದ್ದರಿಂದ ಅವರನ್ನು ಎರಡೂ ತೋಳಲ್ಲಿ ಹಿಡಿದುಕೊಂಡಳು.

ಮೇಟ್ರನ್ ಸಾವರಿಸಿಕೊಂಡು, ಚಕ್ರದ ಬಿಚ್ಚಿದ್ದ ಬ್ರೇಕ್ ನೋಡಿ ಕೇಳಿದರು, “ಬ್ರೇಕ್ ಹಾಕಿಟ್ರೆ ಬೀಳೋದು ನಿಲ್ಲುತ್ತೆ ಅಂತ ಹೇಗೆ ಗೊತ್ತು?”

“ಗೊತ್ತಿಲ್ಲ ಮೇಡಂ. ಎರಡು ತಿಂಗಳು ಹಾಕಿಟ್ಟು ನೋಡೋಣ.”

ಆದೇಶ ನಾಲ್ಕು ಮಡಿಕೆಯಾಗಿ ಮೇಟ್ರನ್ ಜೇಬು ಸೇರಿತು. ಅವರೇ ಬಗ್ಗಿ ಏಳನೇ ಮಂಚದ ಮೇಜಿನ ಬ್ರೇಕ್ ಹಾಕಿದರು.

ತಾತ ಕಾಲು ಕೆಳಗಿಟ್ಟು, ಮೇಜಿನ ಅಂಚು ಹಿಡಿದು, ನಿಧಾನವಾಗಿ ಎದ್ದು ನಿಂತರು. ಮೇಜು ಅಲ್ಲಾಡಲಿಲ್ಲ. ಅವಳ ಕಣ್ಣು ತುಂಬಿ ಬಂತು.

“ಏನಮ್ಮ ಹಾಗೆ ನೋಡ್ತಾ ನಿಂತಿದ್ದೀಯ?” ಎಂದರು ತಾತ. “ಬಾತ್‌ರೂಮಿಗೆ ಹೋಗ್ಬೇಕು, ದಾರಿ ಬಿಡು.”