ನೀರು ಕದಡಿದ ಮಧ್ಯಾಹ್ನ

ಕಾಡಿನ ಮೌನದಲ್ಲಿಯೂ ಬಗೆಗಳುಂಟು, ಸಹೃದಯರೇ. ತೃಪ್ತಿಯಿಂದ ಕಣ್ಮುಚ್ಚಿ ಮಲಗಿದ ಮೌನ ಒಂದು. ಯಾರದೋ ಹೆಜ್ಜೆಯ ಸಪ್ಪಳಕ್ಕೆ ಕಿವಿಗೊಟ್ಟು ಉಸಿರು ಬಿಗಿಹಿಡಿದ ಮೌನ ಇನ್ನೊಂದು. ಅಂದು ಆ ಮಹಾರಣ್ಯವನ್ನು ಆವರಿಸಿದ್ದುದು ಎರಡನೆಯದು. ನೆತ್ತಿಯ ಮೇಲೆ ನಿರಭ್ರ ನೀಲಾಕಾಶ. ಆದರೆ ದೂರದ ಗಿರಿಪಂಕ್ತಿಯ ಬೆನ್ನ ಹಿಂದೆ, ಬಟ್ಟಲ ನೀರಿಗೆ ಬಿದ್ದ ಮಸಿಯಂತೆ, ಕೃಷ್ಣಮೇಘವೊಂದು ಸದ್ದಿಲ್ಲದೆ ಹರಡುತ್ತಿತ್ತು. ವೃಕ್ಷಶ್ರೇಣಿಗಳ ಸಂದಿನಿಂದ ಇಳಿದ ಬಿಸಿಲಿನ ಸುವರ್ಣರೇಖೆಗಳು ನೆಲ ಮುಟ್ಟುವ ಮೊದಲೇ ಅಂಜಿದಂತೆ ನಡುಗುತ್ತಿದ್ದವು. ಬಳ್ಳಿಗಳು ಮರಗಳ ಕೊರಳನ್ನು ಆಲಿಂಗಿಸಿದ್ದವೋ, ಬಿಗಿದಿದ್ದವೋ... ಹೇಳುವುದು ಕಷ್ಟ! ಆ ಎಲ್ಲ ನಿಶ್ಶಬ್ದದ ತಳದಲ್ಲಿ, ಕಣ್ಣಿಗೆ ಬೀಳದ ಯಾವುದೋ ಮೃಗದ ಕೊರಳ ದನಿಯಂತೆ, ಜಲಪಾತದ ಅವಿರತ ಮೊರೆತ...

ಆ ಮೊರೆತದ ಕಡೆಗೆ ಇಬ್ಬರು ನಡೆಯುತ್ತಿದ್ದರು. ಮುಂದೆ ಪಟ್ಟಣದ ಕನ್ನಡಿ ಅಂಗಡಿಯವನು. ಹಿಂದೆ, ಅವನ ಅಂಗಡಿಯ ಎದುರಿಗೇ ಔಷಧಿ ಅಂಗಡಿ ಇಟ್ಟುಕೊಂಡಿದ್ದವಳು. ಇಬ್ಬರದೂ ನಡುವಯಸ್ಸು. ಗಾಜು ಕೊಯ್ಯುವ ಅವನ ಬೆರಳುಗಳಿಗೆ ಗಾಯವೆಂಬುದು ಹೊಸತಲ್ಲ. ಆದರೆ ಅವಳು ಅಂಗಡಿ ತೆರೆದಂದಿನಿಂದ ಆ ಗಾಯಗಳು ವಿಪರೀತ ಹೆಚ್ಚಿದ್ದವು. ಒಂದು ದಿನ ಅವಳು ಹತ್ತಿಗೆ ಔಷಧಿ ಹಚ್ಚುತ್ತ, "ನೀವು ಗಾಜು ಕೊಯ್ತೀರೋ, ಕೈ ಕೊಯ್ತೀರೋ?" ಎಂದು ಕೇಳಿದ್ದಳು. ಅವನು ಕಿವಿಯವರೆಗೂ ಕೆಂಪಾಗಿ, ಚಿಲ್ಲರೆಯನ್ನೂ ತೆಗೆದುಕೊಳ್ಳದೆ ಹೊರಟುಹೋಗಿದ್ದ. ಅವರ ಸ್ನೇಹ ಹಾಗೆ ಆರಂಭವಾದದ್ದು. ಅಂದು ಏನೋ ಕೇಳಲೆಂದೇ, ಜಲಪಾತ ತೋರಿಸುವ ನೆಪದಲ್ಲಿ, ಅವನು ಅವಳನ್ನು ಕರೆತಂದಿದ್ದ.

ಆದರೆ ಅವಳ ಎದೆಯಲ್ಲಿ ಒಂದು ಮುಚ್ಚಿದ ಬಾಗಿಲಿತ್ತು. ಹಿಂದೊಮ್ಮೆ, ಮಂಜು ಮುಸುಕಿದ ಬೆಟ್ಟದ ರಸ್ತೆಯಲ್ಲಿ, ಕಾರು ಓಡಿಸುತ್ತಿದ್ದ ಗಂಡನಿಗೆ ಅವಳು "ಸ್ವಲ್ಪ ನಿಧಾನ, ನನಗೆ ಭಯ ಆಗ್ತಿದೆ" ಎಂದಿದ್ದಳು. ಅವನು ನಕ್ಕ. ಅವಳನ್ನು ರೇಗಿಸಲೆಂದೇ ವೇಗ ಹೆಚ್ಚಿಸಿದ. ಮುಂದಿನ ತಿರುವಿನಲ್ಲಿ ಕಾರು ಉರುಳಿತು; ಮನೆಗೆ ಮರಳಿದ್ದು ಅವಳೊಬ್ಬಳೇ... ಅಂದಿನಿಂದ ತನ್ನ ಭಯವನ್ನು ಅವಳು ಯಾರೆದುರೂ ನುಡಿದವಳಲ್ಲ. ತಾನು ಬಾಯಿಬಿಟ್ಟದ್ದರಿಂದಲೇ ಅನಾಹುತ ನಡೆಯಿತೇನೋ ಎಂಬ ಅರ್ಥವಿಲ್ಲದ ಶಂಕೆಯೊಂದು, ಶೀತಕಾಲದ ಹಿಮದಂತೆ, ಅವಳ ನಾಲಿಗೆಯ ಮೇಲೆ ಹೆಪ್ಪುಗಟ್ಟಿ ಕುಳಿತಿತ್ತು.

ಕಾಡಿನ ಅಂಚಿನ ಠಾಣೆಯಲ್ಲಿ ಅರಣ್ಯ ಕಾವಲುಗಾರ ಇಬ್ಬರ ಚಪ್ಪಲಿ, ಚೀಲ ಎಲ್ಲವನ್ನೂ ದಿಟ್ಟಿಸಿ ನೋಡಿ ಹೇಳಿದ್ದ: "ದೂರದಿಂದ ನೋಡಿ, ನೀರಿನ ಹತ್ತಿರ ಹೋಗ್ಬೇಡಿ. ಬೆಟ್ಟದ ಆಚೆ ಮಳೆ ಬಿದ್ರೆ ಇಲ್ಲಿ ಏಕಾಏಕಿ ಪ್ರವಾಹ ಬರುತ್ತೆ. ನೀರು ಸ್ವಲ್ಪ ಕದಡಿದ ಹಾಗೆ ಕಂಡ್ರೂ ಚೀಲ ಗೀಲ ಅಂತ ಹುಡುಕ್ತಾ ನಿಲ್ಬೇಡಿ, ಎತ್ತರಕ್ಕೆ ಹತ್ತಿಬಿಡಿ. ಸಂಜೆಯೊಳಗೆ ನೀವು ಬರಲಿಲ್ಲ ಅಂದ್ರೆ ನಾನೇ ಬರ್ತೀನಿ." ಇಬ್ಬರೂ ತಲೆಯಾಡಿಸಿದ್ದರು. ದಾರಿಯಲ್ಲಿ ಸಣ್ಣ ತೊರೆಯೊಂದನ್ನು ಕಲ್ಲಿನಿಂದ ಕಲ್ಲಿಗೆ ಕಾಲಿಟ್ಟು ದಾಟಿ, ಕೊನೆಗೆ ಅವರು ಆ ಕಣಿವೆಯ ಬಾಯಿಗೆ ಬಂದರು.

ಎಂಥ ದೃಶ್ಯ! ಕಪ್ಪುಶಿಲೆಯ ಎತ್ತರದಿಂದ ಧುಮುಕುವ ಶ್ವೇತಧಾರೆ, ಬಿಚ್ಚಿದ ರೇಷ್ಮೆಯ ಸುರುಳಿಯಂತೆ. ಕೆಳಗೆ ಪಚ್ಚೆಯ ಬಣ್ಣದ ಮಡು. ತುಂತುರಿನ ಧೂಮದಲ್ಲಿ ಅರ್ಧ ಮೂಡಿ ಅರ್ಧ ಮರೆಯಾದ ಇಂದ್ರಧನುಸ್ಸು... ಜೀವನವಿಡೀ ಕನ್ನಡಿಗಳ ನಡುವೆಯೇ ಬಾಳಿದ ಆ ಮನುಷ್ಯ ಬೆಳಕಿನ ಈ ವಿಲಾಸವನ್ನು ಕಂಡು ಮೈಮರೆತುಬಿಟ್ಟ. ಕಾವಲುಗಾರನ ಮಾತು ಗಾಳಿಗೆ ಹೋಯಿತು. ಚಪ್ಪಲಿ ಕಳಚಿ, ಒಣಬಂಡೆಗಳ ಮೇಲೆ ಹೆಜ್ಜೆಯಿಡುತ್ತ ಮಡುವಿನ ನಡುವಿನ ಹಾಸುಬಂಡೆ ಸೇರಿದ. ಚೀಲವನ್ನು ಪಕ್ಕದಲ್ಲಿಟ್ಟು ತಿರುಗಿ ಕೈಬೀಸಿದ.

"ಬನ್ನಿ, ಕಾಲೂ ಒದ್ದೆ ಆಗಲ್ಲ. ಇಲ್ಲಿಂದ ಪೂರ್ತಿ ಕಾಣುತ್ತೆ."

ಅವಳು ದಡದಲ್ಲೇ ನಿಂತಳು. ಏನೋ ಬದಲಾಗಿತ್ತು. ಏನೆಂದು ಹೇಳಲು ಬಾರದು. ಎಲ್ಲೋ ಕೂಗುತ್ತಿದ್ದ ಹಕ್ಕಿ ನಡುವೆಯೇ ಮಾತು ಮರೆತಂತೆ ಸುಮ್ಮನಾಯಿತು. ಮರಗಳ ಬುಡದಿಂದ ತಣ್ಣನೆಯ ಗಾಳಿಯೊಂದು ಹಸಿಮಣ್ಣಿನ ವಾಸನೆ ಹೊತ್ತು ಬಂದು ಅವಳ ಕೆನ್ನೆ ಸವರಿತು. ಮಡುವಿನ ಅಂಚಿಗೆ ಒಂದೆರಡು ಹಸಿರೆಲೆಗಳು ತೇಲಿ ಬಂದವು, ಮತ್ತೆ ಹಲವು, ಬಳಿಕ ಮುರಿದ ಕೊಂಬೆಯೊಂದು. ಧಾರೆಯ ಒಂದು ಎಳೆ, ಹಾಲಿಗೆ ಚಹಾ ಬೆರೆತಂತೆ, ತೆಳುವಾಗಿ ಕಂದು ಬಣ್ಣಕ್ಕೆ ತಿರುಗುತ್ತಿತ್ತು.

ಕಾವಲುಗಾರನ ಮಾತು ಅವಳಿಗೆ ನೆನಪಾಯಿತು. ಕರೆಯಬೇಕು... ಕರೆದರೆ? ಅವನೂ ನಕ್ಕರೆ? "ಇಷ್ಟಕ್ಕೇ ಹೆದರೋದಾ" ಎಂದು, ಅವಳ ಅಂಜಿಕೆಯನ್ನು ಕಳೆಯಲೆಂದೇ, ಇನ್ನೊಂದು ಬಂಡೆ ಮುಂದಕ್ಕೆ ಹೋದರೆ? ಮಂಜು ಮುಸುಕಿದ ಆ ರಸ್ತೆ, ಆ ನಗು, ಎಲ್ಲವೂ ಮಿಂಚಿನ ಬೆಳಕಿನಲ್ಲಿ ಕಂಡ ಊರಿನಂತೆ ಕಣ್ಣೆದುರು ನಿಂತವು. ಆ ಕ್ಷಣದಲ್ಲಿ ಅವಳಿಗೆ ನೀರಿಗಿಂತಲೂ ಹೆಚ್ಚು ಭಯವಾದದ್ದು ಅವನ ನಗೆಯೇ. ಕೊನೆಗೆ, ಬೀಗ ತುಕ್ಕುಹಿಡಿದ ಬಾಗಿಲನ್ನು ಭುಜಕೊಟ್ಟು ತಳ್ಳುವಂತೆ, ಅವಳು ದನಿಯನ್ನು ಹೊರಕ್ಕೆ ತಳ್ಳಿದಳು.

"ವಾಪಸ್ ಬನ್ನಿ. ನನಗೆ ಭಯ ಆಗ್ತಿದೆ."

ಅವನು ನಗಲಿಲ್ಲ. ಯಾಕೆಂದು ಕೇಳಲಿಲ್ಲ, ಚೀಲದತ್ತ ಬಗ್ಗಲೂ ಇಲ್ಲ. ಅವಳ ಮುಖವನ್ನು ಒಮ್ಮೆ ನೋಡಿದವನೇ ಬಂಡೆಯಿಂದ ಬಂಡೆಗೆ ಹಾರುತ್ತ ಬಂದ. ಕೊನೆಯ ಬಂಡೆಯಲ್ಲಿ ಕಾಲು ಜಾರಿ ಮೊಣಕಾಲೂರಿದವನ ತೋಳನ್ನು ಅವಳು ಹಿಡಿದೆಳೆದಳು. ಇಬ್ಬರೂ ಬೇರುಗಳನ್ನು ಹಿಡಿದು ದಿಬ್ಬ ಹತ್ತಿದರು.

ಕಣಿವೆ ಗರ್ಜಿಸಿದ್ದು ಆಗ. ಬಿಳಿಯ ರೇಷ್ಮೆ ಕೆಂಪಗಿನ ಗೋಡೆಯಾಯಿತು. ಮರದ ದಿಮ್ಮಿಗಳು, ಕಲ್ಲು, ಕೆಸರು ಒಂದರ ಮೇಲೊಂದು ಉರುಳಿದವು. ಹಾಸುಬಂಡೆ, ಚೀಲ, ಚಪ್ಪಲಿ, ಇಂದ್ರಧನುಸ್ಸು... ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿ ಏನೂ ಇರಲಿಲ್ಲ! ಮೇಲೆ ಮಾತ್ರ, ಏನೂ ಅರಿಯದಂತೆ, ಅದೇ ನಿರ್ಮಲ ನೀಲಾಕಾಶ.

ಹಿಂದಿರುಗುವಾಗ, ಬರುವಾಗ ದಾಟಿದ್ದ ತೊರೆಯೂ ಉಕ್ಕಿ ದಾರಿ ಕಟ್ಟಿತ್ತು. ಕಾಲಿಟ್ಟು ಬಂದ ಕಲ್ಲುಗಳಲ್ಲಿ ಒಂದೆರಡರ ನೆತ್ತಿ ಮಾತ್ರ ಕಾಣುತ್ತಿತ್ತು.

"ಕೈ ಹಿಡ್ಕೊಂಡು ದಾಟಿಬಿಡೋಣ್ವಾ? ಕತ್ತಲಾಗುತ್ತೆ," ಎಂದ ಅವನು.

"ಬೇಡ. ನೀರು ಇಳೀಲಿ."

"ಸರಿ," ಎಂದು ಕುಳಿತುಬಿಟ್ಟ.

ಆ ಒಂದು ಪದ ಅವಳೊಳಗೆ ಎಲ್ಲಿಗೋ ಇಳಿಯಿತು. ಅವಳು ಅಲ್ಲಿಯೇ, ಮಳೆಯಿಲ್ಲದೆ ಉಕ್ಕಿದ ಆ ನೀರಿನೆದುರು, ಬೆಟ್ಟದ ರಸ್ತೆಯ ಕಥೆಯನ್ನು ಮೊದಲ ಬಾರಿಗೆ ಪೂರ್ತಿಯಾಗಿ ಹೇಳಿದಳು. ಅವನು ನಡುವೆ ಬಾಯಿಹಾಕದೆ ಕೇಳಿದ. ಹೇಳಿ ಮುಗಿಸಿ ಅವಳು ಕಣ್ಣೊರೆಸಿಕೊಂಡಳು.

"ನನ್ನ ಹತ್ರ ಏನೋ ಕೇಳ್ಬೇಕು ಅಂತ ತಾನೇ ಇಷ್ಟು ದೂರ ಕರ್ಕೊಂಡು ಬಂದಿದ್ದು? ಈಗ ಕೇಳಿ."

"ಕೇಳ್ತೀನಿ. ಸ್ವಲ್ಪ ತಡೀರಿ, ಕಾಲು ಇನ್ನೂ ನಡುಗ್ತಾ ಇದೆ," ಎಂದ ಅವನು. ಅವಳಿಗೆ ನಗು ಬಂತು. ನಗುತ್ತಲೇ ಅಳು ಬಂತು.

ಇಳಿಹೊತ್ತಿನ ಮಂದಪ್ರಕಾಶದಲ್ಲಿ, ಹೇಳಿದಂತೆಯೇ, ಕಾವಲುಗಾರ ಹಗ್ಗ ಹೊತ್ತು ಆಚೆ ದಡಕ್ಕೆ ಬಂದ. ಇಬ್ಬರೂ ಕುಳಿತಿರುವುದನ್ನು ಕಂಡು, "ಅಲ್ಲೇ ಇರಿ, ಇನ್ನೂ ಇಳೀಬೇಕು," ಎಂದು ಕೂಗಿ ತಾನೂ ಕುಳಿತ. ನೀರು ಮೊಣಕಾಲಿಗಿಂತ ಕೆಳಗಿಳಿದ ಮೇಲೆ, ಹಗ್ಗ ಹಿಡಿದು, ಬರಿಗಾಲಿನ ಅವನೂ ಅವಳೂ ನಿಧಾನವಾಗಿ ದಾಟಿದರು. ಆಚೆ ದಡದಲ್ಲಿ, ಕಾವಲುಗಾರ ಹಗ್ಗ ಸುತ್ತಿಕೊಳ್ಳುತ್ತಿದ್ದಾಗ, ಕನ್ನಡಿ ಅಂಗಡಿಯವನು ತಗ್ಗಿದ ದನಿಯಲ್ಲಿ, ತನ್ನನ್ನು ಮದುವೆಯಾಗುತ್ತೀರಾ ಎಂದು ಅವಳನ್ನು ಕೇಳಿದ. ಅವಳು ಒಪ್ಪಿ ತಲೆಯಾಡಿಸಿದಳು.

ಪ್ರೇಮಕ್ಕಾಗಿ ಪ್ರವಾಹಕ್ಕೆ ಧುಮುಕಿದವರ ಕಥೆಗಳನ್ನು ಲೋಕ ಬಹಳ ಆದರದಿಂದ ಹೇಳುತ್ತದೆ. ಧುಮುಕದೆ ಹಿಂದಿರುಗಿದವರನ್ನು ಯಾರು ನೆನೆಯುತ್ತಾರೆ? ಆದರೂ, ಸಹೃದಯರೇ, ಒಬ್ಬರ ಅಂಜಿಕೆಯನ್ನು ಇನ್ನೊಬ್ಬರು ತೂಗಿ ನೋಡದೆ, ಅಣಕಿಸದೆ, ತಮ್ಮದೇ ಎಂಬಂತೆ ಕೈಗೆತ್ತಿಕೊಳ್ಳುವ ಆ ಸಣ್ಣ ಕ್ಷಣದಲ್ಲಿ ಎಷ್ಟು ಅನುರಾಗ ಅಡಗಿದೆ... ಮನುಷ್ಯಹೃದಯ ಹೊಳೆಯುವುದನ್ನು ಬೇಗ ಪ್ರೀತಿಸುತ್ತದೆ; ತನ್ನನ್ನು ಕೇಳಿಸಿಕೊಂಡವರ ಪಕ್ಕದಲ್ಲಿ ಮಾತ್ರ, ಬಹುಕಾಲದ ಬಳಿಕ, ನಿರ್ಭಯವಾಗಿ ನಿದ್ರಿಸುತ್ತದೆ.